ಗುಡುಗುತ್ತ ಬರುವ ಪಾವಿನ ಗಾಡಿ

ದಾಂಡೇಲಿ ದಾಟಿ ಜೋಯಿಡಾದ ಕಡೆ ಹೊರಳುವ ರಸ್ತೆಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಮಹಾಬಳೇಶ್ವರ ಅವರ ಚಹಾದಂಗಡಿಯಲ್ಲಿ ಬಾಜಿ ಕುದಿಯುತ್ತಿದೆ. ಬೆಂಚಿನ ಮೇಲೆ ಕೂತ ಇಬ್ಬರು ಗಿರಾಕಿಗಳು ರಸ್ತೆಯನ್ನು ನೋಡುತ್ತಿಲ್ಲ, ಕಿವಿಯನ್ನಷ್ಟೇ ಆ ಕಡೆ ಕೊಟ್ಟು ಕೂತಿದ್ದಾರೆ. ಇಳಿಜಾರಿನ ಆಚೆ ಏನೋ ಗುಡುಗಿದಂತಾಗುತ್ತದೆ. "ಬಂತು. ಇನ್ನ ಎರಡು ತಿರುವು," ಎನ್ನುತ್ತ ಮಹಾಬಳೇಶ್ವರ ತಟ್ಟೆಗಳನ್ನು ಸಾಲಾಗಿ ಹಚ್ಚುತ್ತಾರೆ.

ಬರುವುದು ಟೆಂಪೊ ಅಲ್ಲ, ಸ್ಕೂಟರೂ ಅಲ್ಲ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ, ಬಾನೆಟ್ಟಿನ ಮೇಲೆ ಗಾಳಿ ನುಂಗುವ ಬಾಯಿ, ಬೆನ್ನ ಮೇಲೆ ರೆಕ್ಕೆ ಇರುವ ನೀಲಿ ಬಣ್ಣದ ಜಪಾನಿ ರ‍್ಯಾಲಿ ಕಾರು. ಬಾಗಿಲಿಗೆ ಅಡ್ಡ ಬೆಸೆದ ಉಕ್ಕಿನ ಕೊಳವೆಯನ್ನು ದಾಟಿ ಮೊದಲು ಬಲಗಾಲು ಹೊರಬರುತ್ತದೆ. ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟುಕೊಂಡು, ದುಪಟ್ಟಾ ಸೊಂಟಕ್ಕೆ ಬಿಗಿದ ರುಬಿನಾ ಇಳಿಯುತ್ತಾರೆ. ಹಿಂಬದಿ ತೆರೆದರೆ ಬಿದಿರಿನ ಬುಟ್ಟಿಗಳು, ಅವುಗಳ ಮೇಲೆ ಬಿಳಿ ಅರಿವೆ, ಅರಿವೆಯೊಳಗೆ ಬಿಸಿ ಬಿಸಿ ಪಾವ್.

"ಮೊಣಕಾಲು ತಿಂದ ಹಾಕಿತ್ರಿ ಈ ಸವತಿ," ಎಂದು ಅವರು ಕಾರಿನ ಬೆನ್ನಿಗೊಂದು ಪೆಟ್ಟು ಕೊಟ್ಟು ಬುಟ್ಟಿ ಎಳೆಯುತ್ತಾರೆ.

ಸವತಿ ಎಂದರೆ ಕಾರು ಎಂದು ಈ ದಾರಿಯಲ್ಲಿ ಎಲ್ಲರಿಗೂ ಗೊತ್ತು. ಗಂಡ ನನ್ನ ಮುಖಕ್ಕಿಂತ ಅದರ ಗಾಜನ್ನೇ ಹೆಚ್ಚು ನೋಡುತ್ತಾನೆ ಎಂಬುದು ರುಬಿನಾ ಅವರ ಹಳೆಯ ದೂರು. ಆ ದೂರಿಗೆ ತೀರ್ಪು ಹೇಳುವ ಹೊತ್ತು ಈಚೆಗೆ ಬಂದೇಬಿಟ್ಟಿತ್ತು. ಹುಬ್ಬಳ್ಳಿಯಿಂದ ಒಬ್ಬರು ಬಂದು ಕಾರು ಕೇಳಿ ಹೋಗಿದ್ದರು. ಇಟ್ಟುಕೊಳ್ಳುವುದೋ, ಕೊಟ್ಟುಬಿಡುವುದೋ? ಹೇಳಬೇಕಾಗಿದ್ದವರು ರುಬಿನಾ ಒಬ್ಬರೇ.

ಹಳಿಯಾಳ ತಾಲ್ಲೂಕಿನ ಸಾಂಬ್ರಾಣಿಯ ಅಂಚಿನಲ್ಲಿ ಅವರ ಮನೆ. ಸಿದ್ದಿ ಕುಟುಂಬ. ಗಂಡ ಇಸ್ಮಾಯಿಲ್ ಹರೆಯದಲ್ಲಿ ಗೋವಾದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಲ್ಲಿಯ ಸಾಹುಕಾರರೊಬ್ಬರಿಗೆ ಕಾರು ಓಡಿಸುವ ಹುಚ್ಚು. ಒಂದು ಸ್ಪರ್ಧೆಯಲ್ಲಿ ಕಾರು ಪಲ್ಟಿಯಾಯಿತು, ಸಾಹುಕಾರರ ಮೈ ಉಳಿಯಿತು, ಹುಚ್ಚು ಇಳಿಯಿತು. "ಇನ್ನ ಇದನ್ನ ನೋಡಾಕ ಒಲ್ಲೆ, ನೀನ ಒಯ್ಯಿ" ಎಂದು ಕಾಗದಪತ್ರ ಸಮೇತ ಇಸ್ಮಾಯಿಲ್ ಕೈಗೆ ಕೊಟ್ಟರಂತೆ. ಲಾರಿಯ ಮೇಲೆ ಮುದ್ದೆಯಾದ ಕಾರು ಸಾಂಬ್ರಾಣಿಗೆ ಬಂದ ದಿನ ಊರು ನಕ್ಕಿತ್ತು. ಬಡವನ ಮನೆ ಬಾಗಿಲಿಗೆ ಆನೆ ಕಟ್ಟಿದರೆ ನಗದೆ ಇನ್ನೇನು ಮಾಡುತ್ತಾರೆ?

ಇಸ್ಮಾಯಿಲ್ ಎರಡು ಮಳೆಗಾಲ ತಾಡಪತ್ರಿಯ ಕೆಳಗೆ ಕೂತು ಅದನ್ನು ಎದ್ದು ನಿಲ್ಲಿಸಿದರು. ಎದ್ದು ನಿಂತ ಕಾರು ಮೊದಲು ಮಾಡಿದ ಕೆಲಸ ಎಂದರೆ ಜ್ಯಾಕಿನಿಂದ ಜಾರಿ ಅವರ ಎಡಪಾದದ ಮೇಲೆ ಕೂತದ್ದು. ಮೂಳೆ ಕೂಡಿತು. ಕ್ಲಚ್ ಒತ್ತುವ ಬಲ ಮಾತ್ರ ಪಾದಕ್ಕೆ ಮತ್ತೆ ಬರಲಿಲ್ಲ. ಅಲ್ಲಿಗೆ ಕಾರು ಹೆಂಡತಿಯ ಪಾಲಾಯಿತು.

ರುಬಿನಾ ಆಗ ತಲೆಯ ಮೇಲೆ ಪಾವ್ ಹೊತ್ತು ಮೊದಲ ಬಸ್ಸಿಗೆ ಕಾಯುತ್ತಿದ್ದರು. ಗೋವಾದ ಬೇಕರಿಯಲ್ಲಿ ದುಡಿದ ಸೋದರಮಾವ ಮನೆಯ ಹಿಂದೆ ಮಣ್ಣಿನ ಭಟ್ಟಿ ಕಟ್ಟಿಕೊಟ್ಟಿದ್ದರು. ಪಾವ್ ಚೆನ್ನಾಗಿಯೇ ಆಗುತ್ತಿತ್ತು, ಆದರೆ ಬಸ್ಸು ದಾಂಡೇಲಿ ಮುಟ್ಟುವ ಹೊತ್ತಿಗೆ ತಣ್ಣಗಾಗುತ್ತಿತ್ತು. ಅಂಗಳದಲ್ಲಿ ನಿಂತ ಕಾರಿಗೆ ಹಿಂದಿನ ಸೀಟೇ ಇಲ್ಲ, ಸ್ಪರ್ಧೆಗೆಂದು ತೂಕ ಇಳಿಸಲು ಎಂದೋ ಕಿತ್ತಿದ್ದರು. ಒಳಗೆಲ್ಲ ಉಕ್ಕಿನ ಕೊಳವೆಗಳ ಪಂಜರ. ಒಂದು ದಿನ ರುಬಿನಾ ಸುಮ್ಮನೆ ಒಂದು ಬುಟ್ಟಿ ಅಲ್ಲಿಟ್ಟು ನೋಡಿದರು. ಎರಡು ಕೊಳವೆಗಳ ನಡುವೆ ಅದು ಅಲುಗಾಡದಂತೆ ಕೂತಿತು.

"ಪಾವಿನ ಬುಟ್ಟಿಗಂತ ಅಳತಿ ಕೊಟ್ಟು ಮಾಡಿಸಿದಂಗ ಇತ್ರಿ," ಎಂದು ಅವರು ಈಗಲೂ ಸೋಜಿಗಪಡುತ್ತಾರೆ.

ಗಂಡ ಪಕ್ಕದಲ್ಲಿ ಕೂತು ಬಯ್ದು ಬಯ್ದು ಕಲಿಸಿದರು. ಅಂದಿನಿಂದ ರಾತ್ರಿಯ ಭಟ್ಟಿ ಇಸ್ಮಾಯಿಲ್ ಪಾಲಿಗೆ, ಬೆಳಗಿನ ದಾರಿ ರುಬಿನಾ ಪಾಲಿಗೆ. ಸಾಂಬ್ರಾಣಿಯಿಂದ ಹಳಿಯಾಳ, ಅಲ್ಲಿಂದ ದಾಂಡೇಲಿ, ಆಮೇಲೆ ಜೋಯಿಡಾದ ದಾರಿಯ ವಾಡೆಗಳು, ಅಂದರೆ ಕಾಡಂಚಿನ ಸಣ್ಣ ಕೇರಿಗಳು, ಕೊನೆಗೆ ಮಹಾಬಳೇಶ್ವರ ಅವರ ಅಂಗಡಿ. ಬುಟ್ಟಿ ಖಾಲಿಯಾದ ಮೇಲೂ ಗಾಡಿ ಖಾಲಿ ಬರುತ್ತಿರಲಿಲ್ಲ. ಹಳಿಯಾಳದಲ್ಲಿ ಮೈದಾ ಚೀಲಗಳು ಏರುತ್ತಿದ್ದವು, ಭಟ್ಟಿಗೆ ಬೇಕಾದ ಕಟ್ಟಿಗೆ ಏರುತ್ತಿತ್ತು.

ದಾಂಡೇಲಿಗೆ ಬರುವ ಪ್ರವಾಸಿಗರು ಈ ಕಾರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಎಷ್ಟು ಜೋರು ಹೋಗುತ್ತದೆ ಎಂದು ಕೇಳುತ್ತಾರೆ. ರುಬಿನಾ ಉತ್ತರ ಕೊಡದೆ ನಗುತ್ತಾರೆ. ಹೇಳಿದರೆ ಮರ್ಯಾದೆ ಹೋಗುತ್ತದೆ. ಹಾಲಿನ ಬೈಕುಗಳು ಅವರನ್ನು ಹಿಂದೆ ಹಾಕಿ ಹೋಗುತ್ತವೆ. "ಬಿಸಿ ಪಾವಂದ್ರ ಹಸಿಗೂಸು ಇದ್ದಂಗರಿ. ತಿರುವಿನ್ಯಾಗ ಜೋರ ಹೊಡದ್ರ ಒಂದರ ಮ್ಯಾಲ ಒಂದು ಬಿದ್ದು ಚಪ್ಪಟಿ ಆಗತಾವು. ಚಪ್ಪಟಿ ಪಾವ್ ಯಾರ ತಗೋತಾರ?" ಕಾಡಿನ ಘಟ್ಟಗಳನ್ನು ಹಾರಲು ಹುಟ್ಟಿದ ಎಂಜಿನ್ನು ಹೀಗೆ ಎರಡನೇ, ಮೂರನೇ ಗೇರಿನಲ್ಲಿ ಗುರುಗುಟ್ಟುತ್ತ ಊರೂರು ತಿರುಗುತ್ತದೆ.

ಲೆಕ್ಕಕ್ಕೆ ಕೂತರೆ ಇದು ಮೂಗಿಗಿಂತ ಮೂಗುತಿ ಭಾರದ ವ್ಯವಹಾರ. ಪೆಟ್ರೋಲು ನೀರಿನಂತೆ ಕುಡಿಯುತ್ತದೆ. ರಸ್ತೆ ಉಬ್ಬುಗಳನ್ನು ನೇರ ದಾಟುವಂತಿಲ್ಲ, ಓರೆಯಾಗಿ ಏರಿಸಿ ಓರೆಯಾಗಿ ಇಳಿಸಬೇಕು. ಎಲ್ಲಕ್ಕಿಂತ ಕೆಟ್ಟದ್ದು ಕ್ಲಚ್. ಕಲ್ಲಿನಂತೆ ಗಟ್ಟಿ ಇತ್ತು. ಮೆತ್ತಗೆ ಮಾಡಿಕೊಡು ಎಂದು ರುಬಿನಾ ಕೇಳಿದಾಗಲೆಲ್ಲ ಇಸ್ಮಾಯಿಲ್ ಉತ್ತರ ಒಂದೇ: "ರೇಸಿನ ಗಾಡಿ ಕ್ಲಚ್ ಹಂಗ ಇರಬೇಕು. ಅದನ್ನ ಬದಲಿ ಮಾಡಿದ್ರ ಅದು ಅದಾಗಿ ಉಳಿಯೂದಿಲ್ಲ." ಈ ಹಟದ ಫಲವಾಗಿ ರುಬಿನಾ ಅವರ ಎಡ ಮೊಣಕಾಲು ಸಂಜೆಯಾದರೆ ಊದಿಕೊಳ್ಳುತ್ತಿತ್ತು. ನಮಾಜಿಗೆ ಕುರ್ಚಿ ಬೇಕಾಗಿತ್ತು. ಈ ಒಂದು ವಿಷಯದಲ್ಲಿ ಅವರಿಗೆ ಗಂಡನ ಮೇಲೆ ನಿಜವಾದ ಸಿಟ್ಟಿತ್ತು.

ಗಿರಾಕಿ ವೀರೇಶ ಬಂದದ್ದು ಇಂಥ ಹೊತ್ತಿನಲ್ಲಿ. ಹುಬ್ಬಳ್ಳಿಯ ವ್ಯಾಪಾರಸ್ಥರು, ಹಳೆಯ ರ‍್ಯಾಲಿ ಕಾರುಗಳನ್ನು ಕೂಡಿಡುವವರು. ಯಾರದೋ ಫೋಟೊದಲ್ಲಿ ಈ ಕಾರು ಕಂಡು ಹುಡುಕಿಕೊಂಡು ಬಂದರು. ಒಳಗಿನ ಕೊಳವೆಗಳ ಮೇಲೆ ಬೆರಳಾಡಿಸಿದರೆ ಬೆರಳಿಗೆ ಮೈದಾ ಹತ್ತಿತು. ಪಾಪ, ಅವರ ಮುಖ ಬಾಡಿತು. "ಇಂಥಾವು ಇಡೀ ದೇಶದಾಗ ಬೆರಳೆಣಿಕಿ ಅದಾವ್ರಿ. ಇದರಾಗ ಪಾವ್ ಹೊರತೀರಲ್ಲ," ಎಂದರು. ಅವರು ಹೇಳಿದ ಬೆಲೆಗೆ ಹೊಸ ವ್ಯಾನು ಬರುತ್ತದೆ, ಹೊಸ ಭಟ್ಟಿಯಾಗುತ್ತದೆ, ಮೊಣಕಾಲಿಗೆ ದೊಡ್ಡ ಡಾಕ್ಟರೂ ಸಿಗುತ್ತಾರೆ.

ಇಸ್ಮಾಯಿಲ್ ಅಂದು ಊಟ ಅರ್ಧಕ್ಕೆ ಬಿಟ್ಟರು. ಬೇಡ ಎನ್ನಲಿಲ್ಲ. "ನಡಸಾಕಿ ನೀನು. ನನ್ನ ಮಾರಿ ನೋಡಬ್ಯಾಡ, ನಿನ್ನ ಮೊಣಕಾಲು ನೋಡು," ಎಂದಷ್ಟೇ ಹೇಳಿ ಭಟ್ಟಿಯ ಕಡೆ ಹೋದರು.

ಕೊಡುವ ಮೊದಲು ವ್ಯಾನಿನ ಕೆಲಸ ಹೇಗೋ ನೋಡೋಣ ಎಂದು ರುಬಿನಾ ಪಕ್ಕದ ಕೇರಿಯ ಜೋಯಲ್ ಹತ್ತಿರ ಒಂದು ವಾರಕ್ಕೆ ವ್ಯಾನು ಎರವಲು ಪಡೆದರು. ಕ್ಲಚ್ ಬೆಣ್ಣೆಯಂತೆ. ಹಾಡು ಗುನುಗುತ್ತ ಹೊರಟ ರುಬಿನಾ ಮೊದಲ ವಾಡೆಯಲ್ಲಿ ನಿಲ್ಲಿಸಿದರೆ ಒಂದು ನರಪಿಳ್ಳೆಯೂ ಹೊರಗೆ ಬರಲಿಲ್ಲ. ಎರಡನೆಯ ವಾಡೆಯಲ್ಲೂ ಅದೇ ಕಥೆ. ಇಲ್ಲಿಯ ಜನ ಪಾವಿನ ಗಾಡಿಯನ್ನು ಕಣ್ಣಿನಿಂದ ಕಾಯುವುದಿಲ್ಲ. ಗುಡುಗು ಕೇಳಿದರೆ ತಾಟು ಹಿಡಿದು ಬಾಗಿಲಿಗೆ ಬರುತ್ತಾರೆ, ಕೇಳದಿದ್ದರೆ ಇವತ್ತು ಪಾವಿಲ್ಲ ಎಂದು ಗಂಜಿಗೆ ಅಕ್ಕಿ ಹಾಕುತ್ತಾರೆ. ಸದ್ದಿಲ್ಲದ ವ್ಯಾನು ಯಾರಿಗೆ ಬೇಕು!

ಮರುದಿನ ಅವರು ಹಾರ್ನ್ ಹೊಡೆದರು. ಜನ ಬಂದರು, ಬೋಗುಣಿ ಹಿಡಿದು ಬಂದರು, ಅವರ ಹಿಂದೆ ಬೆಕ್ಕುಗಳೂ ಬಾಲ ಎತ್ತಿ ಬಂದವು. ಹಾರ್ನ್ ಎಂದರೆ ಈ ದಾರಿಯಲ್ಲಿ ಮೀನಿನವನು. ವ್ಯಾನಿನಿಂದ ಪಾವ್ ಇಳಿದದ್ದು ಕಂಡು ಬೆಕ್ಕುಗಳು ಮೊದಲು ತಿರುಗಿ ಹೋದವು. ವಾಡೆಯ ಕ್ರಿಸ್ತಿನಾ ಬೋಗುಣಿ ಬೆನ್ನ ಹಿಂದೆ ಮರೆಸಿಕೊಂಡು ಕೇಳಿದರು: "ರುಬಿನಕ್ಕಾ, ಗುಡುಗು ಎಲ್ಲಿ ಬಿಟ್ಟ ಬಂದಿ? ಆರಾಮ ಇಲ್ಲೇನು ಅದಕ್ಕ?" ದನಕರುವಿನ ಬಗ್ಗೆ ವಿಚಾರಿಸಿದ ಹಾಗೆ ವಿಚಾರಿಸಿದರು.

ಹಾಗೆಂದು ವ್ಯಾನು ಸೋತಿತು ಎನ್ನಲಾಗದು. ವಾರ ಮುಗಿಯುವ ಹೊತ್ತಿಗೆ ಜನ ರಸ್ತೆಯ ಮೇಲೆ ಕಣ್ಣಿಡುವುದನ್ನು ಕಲಿತರು, ಬುಟ್ಟಿ ಖಾಲಿಯಾಗತೊಡಗಿತು. ಮೊಣಕಾಲು ಊದುವುದು ನಿಂತಿತು. ಇನ್ನೇನು ಕಾರಣ ಬೇಕು? "ಕೊಡೂಣು," ಎಂದು ರುಬಿನಾ ಗಂಡನಿಗೆ ಹೇಳಿದರು. ಇಸ್ಮಾಯಿಲ್ "ಹೂಂ" ಎಂದು ಕಾರು ತೊಳೆಯಲು ಹೋದರು. ಅದನ್ನು ತೊಳೆಯುವುದು ಮುಗಿಯಲು ಒಂದು ಹಗಲು ಹಿಡಿಯಿತು.

ವೀರೇಶ ಲಾರಿ ತಂದರು. ಕಾರಿಗೆ ಏನೇನು ಸೌಕರ್ಯ ಕಾದಿದೆ ಎಂದು ಸಂತೋಷದಿಂದ ಹೇಳಿದರು: ಗಾಜಿನ ಕೋಣೆ, ತಣ್ಣನೆಯ ಗಾಳಿ, ಮೇಲೆ ರೇಷ್ಮೆಯಂಥ ಹೊದಿಕೆ. "ಇನ್ನ ಇದಕ್ಕ ರಸ್ತೆದ್ದು ಕಾಟ ಇಲ್ರಿ." ರುಬಿನಾ ಎಲ್ಲ ಕೇಳಿಸಿಕೊಂಡರು. ಹಲಿಗೆ ಇಳಿಸಿ ಕಾರನ್ನು ಏರಿಸಬೇಕು ಎನ್ನುವಾಗ ಬೀಗದ ಕೈ ಹಿಡಿದ ಮುಷ್ಟಿ ಬಿಚ್ಚಲಿಲ್ಲ.

"ಒಂದ್ ಸಲ ಬುಟ್ಟಿ ಇಲ್ಲದ ಹೊಡಕೊಂಡ ಬರ್ತೇನ್ರಿ. ಇಷ್ಟ ವರ್ಷ ಆತು, ಹಿಂದ ಏನೂ ಇಲ್ಲದ ನಾ ಇದನ್ನ ನಡಸೇ ಇಲ್ಲ."

ಇಸ್ಮಾಯಿಲ್ ಕುಂಟುತ್ತ ಬಂದು ಪಕ್ಕದ ಸೀಟಿನಲ್ಲಿ ಕೂತರು. ಊರು ದಾಟಿದರೆ ಗದ್ದೆಗಳ ನಡುವೆ ರಸ್ತೆ ನೇರವಾಗಿದೆ, ಸುಗ್ಗಿ ಮುಗಿದು ಎರಡೂ ಕಡೆ ಬಯಲಾಗಿದೆ. ರುಬಿನಾ ಮೂರನೆಯ ಗೇರು ಹಾಕಿದರು, ನಾಲ್ಕನೆಯದನ್ನು ಹಾಕಿದರು. ಐದನೆಯದು ಎಲ್ಲಿದೆ ಎಂದು ಅವರ ಕೈಗೆ ಗೊತ್ತಿರಲಿಲ್ಲ, ಆವರೆಗೆ ಬೇಕಾಗಿಯೇ ಇರಲಿಲ್ಲ. ಇಸ್ಮಾಯಿಲ್ ಅವರ ಕೈಯ ಮೇಲೆ ತಮ್ಮ ಕೈಯಿಟ್ಟು ಅದನ್ನು ತೋರಿಸಿದರು. ಮುಂದಿನದನ್ನು ಹೇಳಿ ಎಂದರೆ ರುಬಿನಾ ಸರಿಯಾಗಿ ಹೇಳುವುದಿಲ್ಲ. "ಬೆನ್ನು ಸೀಟಿಗೆ ಹತ್ತಿಬಿಡ್ತು ನೋಡ್ರಿ. ನಗಾಕ ಹತ್ತೀನಿ ಅಂತ ತಿಳಕೊಂಡಿದ್ದೆ, ಕಣ್ಣಾಗ ನೀರು. ಇಷ್ಟ ದಿನ ನನ್ನ ಮುಂದ ಇದು ಬಾಯಿ ಮುಚ್ಚಿಕೊಂಡ ದುಡದೈತಲ್ಲಾ ಅಂತ ಭಾಳ ಕೆಟ್ಟ ಅನಸ್ತು."

ಅಂಗಳಕ್ಕೆ ಮರಳಿ, ಎಂಜಿನ್ ಆರಿಸದೆ, ಕಿಟಕಿಯಿಂದಲೇ ಅವರು ವೀರೇಶರನ್ನು ಕೇಳಿದರು: "ನಿಮ್ಮ ಗಾಜಿನ ಮನ್ಯಾಗ ಇದು ಎಷ್ಟು ಜೋರು ಹೋಗತೈತ್ರಿ?"

"ಹೋಗೂದಿಲ್ಲರಿ ಅಕ್ಕಾರ, ನಿಂತಿರತೈತಿ. ತಿಂಗಳಿಗೊಮ್ಮಿ ಚಾಲೂ ಮಾಡತೇವಿ," ಎಂದರು ವೀರೇಶ, ಇದ್ದದ್ದನ್ನು ಇದ್ದ ಹಾಗೆ.

ರುಬಿನಾ ಗಂಡನ ಕಡೆ ತಿರುಗಿದರು. "ಕ್ಲಚ್ ಮೆತ್ತಗ ಮಾಡಿ ಕೊಡತಿದ್ರ ಇದು ಇಲ್ಲೇ ಇರತೈತಿ. ಆಗೂದಿಲ್ಲಂದ್ರ ಈಗ ಲಾರಿ ಹತ್ತತೈತಿ. ನಾ ಹೇಳೂದು ಹೇಳೀನಿ, ನೀ ನೋಡು."

ಇಸ್ಮಾಯಿಲ್ ಕಾರಿನಿಂದಿಳಿದು ಒಳಗೆ ಹೋದರು. ಮುನಿಸಿಕೊಂಡು ಹೋದರು ಎಂದೇ ಎಲ್ಲರೂ ತಿಳಿದರು. ಅವರು ಸ್ಪ್ಯಾನರು, ಪಾನಾಗಳ ಡಬ್ಬಿ ಹಿಡಿದು ಹೊರಬಂದು, ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಮಲಗಿದರು. ವೀರೇಶ ಬೇಸರಪಟ್ಟುಕೊಂಡರು, ಆದರೆ ಜಗಳಾಡಲಿಲ್ಲ. ಬೆಲ್ಲದ ಚಹಾ ಕುಡಿದು, ಪಾವಿನ ಗಂಟು ಹಿಡಿದು, ಖಾಲಿ ಲಾರಿಯೊಂದಿಗೆ ಹುಬ್ಬಳ್ಳಿಗೆ ಹೋದರು.

ಮಹಾಬಳೇಶ್ವರ ಅವರ ಅಂಗಡಿಯಲ್ಲಿ ಈಗ ಕೊನೆಯ ಬುಟ್ಟಿ ಖಾಲಿಯಾಗಿದೆ. ಕ್ಲಚ್ ಮೆತ್ತಗಾಗಿ ತಿಂಗಳಾಗುತ್ತ ಬಂದರೂ ರುಬಿನಾ ಹತ್ತುವಾಗ ಇಳಿಯುವಾಗ ಎಡಗಾಲನ್ನು ಕೈಯಲ್ಲಿ ಎತ್ತುತ್ತಾರೆ. ಕೆಟ್ಟ ಮೊಣಕಾಲು ಅಷ್ಟು ಬೇಗ ಕ್ಷಮಿಸುವುದಿಲ್ಲ. ಹೊಸ ವ್ಯಾನು ಬರಲಿಲ್ಲ, ಹೊಸ ಭಟ್ಟಿಯೂ ಆಗಲಿಲ್ಲ. ಒಂದು ಬದಲಾವಣೆ ಮಾತ್ರ ಆಗಿದೆ: ಮೈದಾ ಚೀಲ, ಕಟ್ಟಿಗೆ ಎಲ್ಲ ಈಗ ಜೋಯಲ್ ವ್ಯಾನಿನಲ್ಲಿ ಬರುತ್ತವೆ. ಕಾರಿನಲ್ಲಿ ರುಬಿನಾ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಕೂರಿಸಿ ಹಗ್ಗ ಬಿಗಿಯುತ್ತಿದ್ದಾರೆ, ದಡಬಡ ಅನ್ನಬಾರದೆಂದು.

ಕಾಡಿನ ರಸ್ತೆಯಲ್ಲಿ ಜಿಂಕೆಗಳು ಅಡ್ಡ ಬರುತ್ತವೆ, ಅಲ್ಲಿ ಎಂದಿನಂತೆ ನಿಧಾನ. ಹಳಿಯಾಳದ ಸಂತೆ ಪೇಟೆಯಲ್ಲೂ ನಿಧಾನ. ಸಾಂಬ್ರಾಣಿಯ ಬಯಲು ಬಂದ ಮೇಲೆ ಏನಾಗುತ್ತದೆ ಎಂದು ಕೇಳಿದರೆ ಅವರು ಉತ್ತರ ಹೇಳುವ ಮೊದಲು ಎಂಜಿನ್ ಚಾಲೂ ಮಾಡುತ್ತಾರೆ. ಬೆಂಚಿನ ಮೇಲಿನ ಚಹಾ ಲೋಟಗಳು ಸಣ್ಣಗೆ ನಡುಗುತ್ತವೆ.

"ಹೋಗೂವಾಗ ಇದು ಪಾವಿನ ಗಾಡಿ ರೀ," ಎನ್ನುತ್ತಾರೆ ರುಬಿನಾ. "ಬರೂವಾಗ ನಂದು."