ವಿಮಾನದ ಮಾವನ ಊರ ಕೆರೆ

ದೊಡ್ಡಬಳ್ಳಾಪುರದ ಹಳೆಯ ಫೋಟೊ ಸ್ಟುಡಿಯೊ ಒಂದನ್ನು ಖಾಲಿ ಮಾಡುತ್ತಿದ್ದರು. ಕತ್ತಲೆ ಕೋಣೆಯಿಂದ ಫೋಟೊ ತೊಳೆಯುವ ಔಷಧಿಯ ಹುಳಿ ವಾಸನೆ ಬೀದಿಗೆ ಬಂತು. ಸೊಪ್ಪಿನ ಚೀಲ ಹಿಡಿದುಕೊಂಡೇ ನಿಂತುಬಿಟ್ಟೆ. ಎದುರುಮನೆ ಮಾವನ ಕೋಣೆಯಲ್ಲೂ ಇದೇ ವಾಸನೆ ಇರುತ್ತಿತ್ತು...

ನಮ್ಮ ಬೀದಿಗೆಲ್ಲ ಅವರು ವಿಮಾನದ ಮಾವ. ವಿಮಾನದ ಹೊಟ್ಟೆಗೆ ಕ್ಯಾಮೆರಾ ಕೂರಿಸಿ, ಮೇಲಿನಿಂದ ಫೋಟೊ ತೆಗೆದು ನಕ್ಷೆ ಮಾಡುವ ಕೆಲಸಕ್ಕೆ ನಮ್ಮ ಸೀಮೆಯಿಂದ ಮೊದಲು ಹೋದವರು. ಆಕಾಶದಿಂದ ಊರೂರೇ ಕಾಣುತ್ತದಂತೆ, ತಲೆ ಮೇಲಿನ ಕನ್ನಡಕ ಮಾತ್ರ ಕಾಣುವುದಿಲ್ಲ ಎಂದು ಅವರ ಹೆಂಡತಿ ರೇಗಿಸುತ್ತಿದ್ದರು. ಮಾವ ನಗುತ್ತಿದ್ದರು.

ಆ ನಗು ನಿಂತದ್ದು ನಮ್ಮ ತಾಲ್ಲೂಕಿನದೇ ಆದ ಮಧುರೆ ಕಡೆಯ ಅವರ ಹುಟ್ಟೂರಿನ ಕೆರೆಯಂಗಳದಲ್ಲಿ ಬಡಾವಣೆಯ ಕಲ್ಲು ನೆಟ್ಟ ಮೇಲೆ. ಆ ಕೆರೆಯಲ್ಲಿ ನಾನೂ ಕಾಲು ತೊಳೆದವಳು. ಆದರೆ ಅಲ್ಲಿ ಕೆರೆ ಇತ್ತು ಎನ್ನಲು ಹಳೆಯ ದಾಖಲೆ ಸಿಗಲಿಲ್ಲ, ಸರ್ಕಾರದ ನಕ್ಷೆಯೇ ಆಧಾರವಾಯಿತು. ನಕ್ಷೆಯಲ್ಲಿ ಅದು ಬರೀ ಬಯಲು. ಫೋಟೊ ತೆಗೆದವರು ಮಾವನೇ.

"ಮೋಡ ಇರಬಾರ್ದು ಅಂತ ಬೇಸಿಗೇಲೇ ಹಾರ್ತಿದ್ವಿ ಕಣಮ್ಮ. ಬೇಸಿಗೇಲಿ ಕೆರೇಲಿ ನೀರೆಲ್ಲಿರುತ್ತೆ?" ಎಂದರು ಒಂದು ಸಂಜೆ.

ಒಣಗಿ ಬೆಳ್ಳಗೆ ಕಂಡ ಕೆರೆಯನ್ನು ಮೇಜಿನ ಮುಂದೆ ಕೂತ ಇನ್ಯಾರೋ ಬಯಲೆಂದು ಗುರುತು ಹಾಕಿದ್ದರು. ಊರೂರು ಓಡಾಡಿ ಅದನ್ನೆಲ್ಲ ತಾಳೆ ನೋಡಬೇಕಾದವರು ಮಾವ. ಬೇರೆ ಊರುಗಳನ್ನೆಲ್ಲ ಸುತ್ತಿದರು. ಹುಟ್ಟಿದ ಊರನ್ನು ಹೊಸದಾಗಿ ಏನು ನೋಡುವುದು ಎಂದು ಅದೊಂದನ್ನು ಬಿಟ್ಟರು.

ತಪ್ಪಾಗಿದೆ, ತಿದ್ದಿ ಎಂದು ಕಚೇರಿಯಿಂದ ಕಚೇರಿಗೆ ಅಲೆದರು. ನೀವೇ ತೆಗೆದ ಫೋಟೊ ಅಲ್ಲವೇ ಸಾರ್ ಎಂದು ಎಲ್ಲರೂ ಮರ್ಯಾದೆಯಿಂದಲೇ ಕಳಿಸಿದರು. ಹಾಗೆ ಬಂದ ದಿನ ಊಟ ಬಿಡುತ್ತಿದ್ದರು.

"ಅಷ್ಟೆತ್ತರಕ್ಕೆ ಹೋಗಿ ನಮ್ಮೂರ್ ಕೆರೇನೇ ಅಳಿಸ್ಬಿಟ್ನಲ್ಲಮ್ಮ" ಎಂದದ್ದು ನನ್ನೊಡನೆ ಅವರ ಕೊನೆಯ ಮಾತು.

ಹುಟ್ಟೂರಿನ ಹೊಲದಲ್ಲೇ ಮಣ್ಣು ಮಾಡಿದರು. ಮಣ್ಣಿಗೆ ಹೋದವರು ಕೆರೆಯಲ್ಲಿ ಮುಳುಗೆದ್ದು ಮನೆಗೆ ಬರುವುದು ಆ ಊರ ಪದ್ಧತಿ. ಅಂದು ಬಡಾವಣೆಯ ರಸ್ತೆಯಲ್ಲಿ ಟ್ಯಾಂಕರ್ ನಿಲ್ಲಿಸಿದ್ದರು. ಗಂಡಸರು ಒಬ್ಬೊಬ್ಬರಾಗಿ ಪೈಪಿಗೆ ತಲೆ ಒಡ್ಡಿದರು. ಸದ್ಯ, ಮಾವ ಇದನ್ನು ನೋಡಲಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳಬೇಕಾಯಿತಲ್ಲ...

ಮೊನ್ನೆ ಅವರ ಮೊಮ್ಮಗಳು ಫೋನಿನಲ್ಲಿ ಆ ಊರನ್ನು ಮೇಲಿನಿಂದ ತೋರಿಸಿ, ತಾತನ ಕೆರೆ ಎಲ್ಲಿತ್ತು ಎಂದು ಕೇಳಿದಳು. ತಾರಸಿಗಳ ಮೇಲೆ ತುಂಬ ಹೊತ್ತು ಬೆರಳಾಡಿಸಿದೆ. ನನಗೂ ಗುರುತು ಸಿಗಲಿಲ್ಲ.