ಗೋಡೆಗೆ ಬಾಯಿ ಹಚ್ಚುವ ಕೆಲಸ

ಹೊಸ ಮನೆಯ ಛತ್ತಿನೊಳಗೆ ಸ್ಪೀಕರ್ ಕೂಡಿಸಬೇಕು ಎಂದು ಹೆಂಡತಿ ಹೇಳಿದ ದಿನವೇ ನನಗೆ ಸಂಶಯ ಬಂದಿತ್ತು. ಮದುವೆಯಾದಾಗಿನಿಂದ ಆಕೆ ತನಗಾಗಿ ಬಾಯಿಬಿಟ್ಟು ಕೇಳಿದ್ದು ಬಹಳ ಕಡಿಮೆ. ಈ ಮನೆ ಕಟ್ಟಿಸುವಾಗಲೂ ಒಲೆಯ ಕಟ್ಟೆ ಎಷ್ಟು ಎತ್ತರ ಇರಬೇಕು ಎಂದಷ್ಟೇ ಹೇಳಿದವಳು. ಅಂಥವಳಿಗೆ ಒಮ್ಮೆಲೇ ಅಡಿಗೆಮನೆ, ಪಡಸಾಲೆ, ಮಲಗುವ ಕೋಣೆ ಎಲ್ಲ ಕಡೆಗೂ ನೆತ್ತಿಯ ಮೇಲಿಂದ ಹಾಡು ಬರಬೇಕಂತೆ! ಗೋಡೆಗೂ ಕಿವಿ ಇರುತ್ತದೆ ಎಂದು ಕೇಳಿ ಬೆಳೆದವನು ನಾನು. ಗೋಡೆಗೆ ಬಾಯಿ ಹಚ್ಚುವವರನ್ನು ಆ ತನಕ ಕಂಡಿರಲಿಲ್ಲ.

"ಯಾರು ತುಂಬಿದ್ರು ನಿನ್ನ ತಲ್ಯಾಗ ಇದನ್ನ?" ಎಂದೆ.

"ಯಾರೂ ತುಂಬಿಲ್ರಿ. ನನಗ ಹಾಡು ಕೇಳಬೇಕನಸೇತಿ," ಎಂದಳು.

ನಾನು ನಂಬಲಿಲ್ಲ. ನಂಬದೇ ಇರುವುದಕ್ಕೆ ಕಾರಣ ಇತ್ತು. ಕೆಲವು ಕಾಲದಿಂದ ಮನೆಯಲ್ಲಿ ಏನೋ ನಡೆದಿದೆ ಎಂದು ನನಗೆ ಅನಿಸುತ್ತಿತ್ತು. ನಾನು ಒಳಗೆ ಬಂದರೆ ಆಕೆಯ ಫೋನಿನ ಮಾತು ನಿಲ್ಲುತ್ತಿತ್ತು. ಬೀಗರು ಬಂದಾಗ ನನಗೆ ಬೆನ್ನು ಮಾಡಿ ಕುಳಿತು ಪಿಸುಪಿಸು ಎನ್ನುತ್ತಿದ್ದರು, ನಾನು ಎದುರಿಗೆ ಹೋಗಿ ನಿಂತರೆ ಮಾತು ಒಮ್ಮೆಲೇ ಸ್ಪಷ್ಟವಾಗುತ್ತಿತ್ತು. ಇದರ ಅರ್ಥ ಏನು? ಸ್ಪೀಕರಿನದು ನೆಪ ಅಷ್ಟೇ. ಇಷ್ಟು ವರ್ಷ ಬಾಳ್ವೆ ಮಾಡಿದ ಹೆಂಡತಿ ನನ್ನಿಂದ ಏನನ್ನೋ ಬಚ್ಚಿಡುತ್ತಿದ್ದಾಳೆ ಎಂಬುದೇ ನನ್ನ ಎದೆಯಲ್ಲಿ ಮುಳ್ಳಾಗಿ ಕುಳಿತಿತ್ತು.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಮುಂದೆ ನಾವು, ಹಿಂದೆ ಪಾವರ್‌ಲೂಮ್. ನಡುವೆ ಒಂದೇ ಗೋಡೆ. ವಯಸ್ಸಾಯಿತೆಂದು ಮಗ್ಗಗಳನ್ನು ತಮ್ಮನಿಗೆ ಬಿಟ್ಟುಕೊಟ್ಟು, ಜಮಖಂಡಿ ರಸ್ತೆಯ ಕಡೆ ಹೊಸ ಪ್ಲಾಟಿನಲ್ಲಿ ಮನೆ ಎತ್ತಿಸಿದ್ದೆ. ಕೆಲಸ ನೋಡಲು ಹೋದಾಗಲೆಲ್ಲ ಆಕೆ, "ಇಲ್ಲಿ ಹಕ್ಕಿ ಎಷ್ಟ ಒದರತಾವ ನೋಡ್ರಿ," ಎನ್ನುತ್ತಿದ್ದಳು. ನನಗೆ ಯಾವ ಹಕ್ಕಿಯೂ ಕೇಳಿಸುತ್ತಿರಲಿಲ್ಲ. ಹೊಸ ಜಾಗ ಹೊಗಳಬೇಕಲ್ಲ, ಹೊಗಳುತ್ತಾಳೆ ಎಂದುಕೊಂಡು ಹೂಂಗುಟ್ಟುತ್ತಿದ್ದೆ.

ಪಿಒಪಿ ಮಿಸ್ತ್ರಿ ಅವಸರ ಹಚ್ಚಿದ. "ಸೋಮವಾರ ಛತ್ತು ಮುಚ್ಚತೀನ್ರಿ ಮಾಲಕ್ರ. ಆಮ್ಯಾಲ ಸ್ಪೀಕರ್ ಅಂದ್ರ ಒಡೀಬೇಕಾಗತೈತಿ." ಹೀಗಾಗಿ ನಾವಿಬ್ಬರೂ ಮೊದಲು ಮುಧೋಳಕ್ಕೆ ಹೋದೆವು. ಅಲ್ಲಿಯ ಅಂಗಡಿಯವ ಬಿಳಿಯ ದುಂಡನೆಯ ಸ್ಪೀಕರುಗಳನ್ನು ಮೇಜಿನ ಮೇಲೆ ರೊಟ್ಟಿಯ ಹಾಗೆ ಹರವಿದ. ನಾನು ಒಂದೊಂದನ್ನೂ ಕೈಯಲ್ಲಿ ಎತ್ತಿ ತೂಗಿದೆ. ನೂಲಿನ ವ್ಯವಹಾರ ಮಾಡಿದವನಿಗೆ ಮೊದಲು ತೂಕ, ಆಮೇಲೆ ಮಾತು. ತೂಕ ಚೆನ್ನಾಗಿದ್ದರೆ ಇನ್ನೊಂದು ಸಂಶಯ, ಯಾಕೆಂದರೆ ನೂಲಿಗೆ ನೀರು ಚಿಮುಕಿಸಿ ತೂಕ ಏರಿಸುವವರನ್ನೂ ನೋಡಿದ್ದೇನೆ. ಅಂಗಡಿಯವ, "ಇದು ಬಚ್ಚಲಕ್ಕೂ ನಡಿತೈತ್ರಿ," ಎಂದ. ಸ್ನಾನ ಮಾಡುವಾಗ ನೆತ್ತಿಯ ಮೇಲಿಂದ ಮಾತಾಡಿಸುವ ಸಾಮಾನು ನನಗೆ ಬೇಡ ಎಂದು ಎದ್ದು ಬಂದೆ.

ಜಮಖಂಡಿಯ ಅಂಗಡಿಯನ್ನು ಹೆಂಡತಿಯೇ ಹುಡುಕಿದ್ದಳು. ಅದೂ ನನಗೆ ಸರಿ ಕಾಣಲಿಲ್ಲ. ನಾವು ಮೆಟ್ಟಿಲು ಹತ್ತುತ್ತಲೇ ಮಾಲೀಕ, "ಬರ್ರಿ ಅಕ್ಕಾರ," ಎಂದ, ನನಗಲ್ಲ, ಆಕೆಗೆ. ಮೊದಲೇ ಗುರುತಿದ್ದವನಂತೆ! ಹಿಂದಿನ ಸಣ್ಣ ಕೋಣೆಗೆ ಕರೆದುಕೊಂಡು ಹೋದ. ಗೋಡೆಗೆಲ್ಲ ದಪ್ಪ ಬಟ್ಟೆ ಬಡಿದಿದ್ದರು. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ಅವರಿಬ್ಬರೂ ಬಾಗಿಲಲ್ಲಿ ನಿಂತು ಏನೋ ಮಸಲತ್ತು ಮಾಡಿದರು. ಇಬ್ಬರ ಮುಖವೂ ಆ ಕಡೆ ಇತ್ತು.

ಅವನು ಮೊಬೈಲಿನಿಂದ ಒಂದು ಹಾಡು ಹಚ್ಚಿದ. ತಬಲಾದ ಪೆಟ್ಟು ಎದೆಗೇ ಬಡಿಯಿತು, ಖುಷಿಯಾಯಿತು. ಹಾಡುವವಳ ದನಿ ಮಾತ್ರ ಹತ್ತಿಯ ಮೂಟೆಯೊಳಗಿಂದ ಬಂದಂತೆ ಇತ್ತು.

"ಆಕಿ ಬಾಯಾಗ ಎಲಿ ಅಡಕಿ ಹಾಕ್ಕೊಂಡಾಳೇನು? ಬ್ಯಾರೇದು ಹಚ್ರಿ."

ಬೇರೆ ಸ್ಪೀಕರ್ ಹಚ್ಚಿದ. ಅದೂ ಹಾಗೇ. ಮತ್ತೊಂದು. ಅದೂ. ಮೂರೂ ನಕಲಿ ಎಂದು ನಾನು ತೀರ್ಮಾನಿಸಿದೆ. ಅವನು ಗೋಡೆಯೊಳಗೆ ಕೂಡಿಸುವ ಚೌಕನೆಯದನ್ನೂ ಕೇಳಿಸಿದ, ನಾನು ಅದನ್ನೂ ತಳ್ಳಿಹಾಕಿದೆ. ಅವನು ನನ್ನ ಹೆಂಡತಿಯ ಕಡೆ ನೋಡಿದ. ಆಕೆ ತಲೆ ಅಲ್ಲಾಡಿಸಿದಳು. ನನ್ನ ಕಣ್ಣ ಮುಂದೆಯೇ! ಕಳ್ಳರು ಸಂತೆಯಲ್ಲಿ ಕಣ್ಣುಸನ್ನೆ ಮಾಡಿಕೊಳ್ಳುವ ಹಾಗೆ.

"ಮೈಕ್ ಮ್ಯಾಲೆ ಮಾತಾಡೂದು ಕೇಳಸ್ತೀನ್ರಿ. ಹಾಡಿಗಿಂತ ಮಾತಿನಾಗ ಬರೋಬ್ಬರಿ ತಿಳಿತೈತಿ," ಎಂದ. ಅಷ್ಟರಲ್ಲಿ ಆಕೆ ಹೊರಗೆ ಹೋದಳು. ಈಗಲೇ ಏನು ಕೆಲಸ ಹೊರಗೆ ಎಂದು ಯೋಚಿಸುತ್ತಿರುವಾಗ ಛತ್ತಿನಿಂದ ಒಬ್ಬ ಹೆಂಗಸಿನ ದನಿ ಶುರುವಾಯಿತು. ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ಸ್ವಲ್ಪ ನಿಲ್ಲುತ್ತಿತ್ತು. ಒಂದು ಶಬ್ದವೂ ಬಿಡಿಯಾಗಿ ಕಿವಿಗೆ ಬೀಳಲಿಲ್ಲ. ನನ್ನ ತಲೆ ಕಾಯಿತು.

"ನನಗ ಕನ್ನಡ ಬರ್ತೈತಿ, ಮರಾಠಿನೂ ಬರ್ತೈತಿ. ಇದು ಯಾವೂರ ಭಾಷಾನೋ ಮಾರಾಯಾ? ಕನ್ನಡದಾಗ ಹಚ್ಚು!"

ಅಂಗಡಿಯವ ನಗಲಿಲ್ಲ. ನೆಲ ನೋಡಿದ. ಅದೇ ನನಗೆ ವಿಚಿತ್ರ ಅನಿಸಿತು, ಯಾಕೆಂದರೆ ಮೋಸ ಮಾಡುವವರು ಅಂಥ ಹೊತ್ತಿನಲ್ಲಿ ಹೆಚ್ಚು ನಗುತ್ತಾರೆ. ಬಾಗಿಲು ತೆರೆಯಿತು. ಹೆಂಡತಿ ಒಳಗೆ ಬಂದಳು. ಆಕೆಯ ಕೈಯಲ್ಲಿ ಮೈಕ್ ಇತ್ತು.

"ಕನ್ನಡನ ಇತ್ರಿ," ಎಂದಳು. "ನಾನ ಮಾತಾಡಿದ್ದು."

ಮೈಕೇ ಕೆಟ್ಟಿದೆ ಎಂದು ನಾನು ಜಗಳಕ್ಕೆ ಎದ್ದೆ. ಆಕೆ ಮೈಕನ್ನು ಕುರ್ಚಿಯ ಮೇಲಿಟ್ಟು ನನ್ನ ಮುಂದೆ ಬಂದು ನಿಂತಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಸೆರಗು ಅಲುಗಿತು. ಸೆರಗು ಇಳಿಸಿ, "ಈಗ ನಾ ಏನಂದೆ?" ಎಂದು ಕೇಳಿದಳು. ನನಗೆ ಹೇಳಲಾಗಲಿಲ್ಲ. ನನಗಿಂತ ದೂರ ನಿಂತಿದ್ದ ಅಂಗಡಿಯವನಿಗೆ ಕೇಳಿಸಿದೆ ಎಂಬುದು ಅವನ ಮುಖದ ಮೇಲೆಯೇ ಕಾಣುತ್ತಿತ್ತು.

ಮಗ್ಗದ ಮನೆಯಲ್ಲಿ ದುಡಿದವರಿಗೆ ಗೊತ್ತಿದೆ, ಅಲ್ಲಿ ಯಾರೂ ಕಿವಿಯಿಂದ ಕೇಳುವುದಿಲ್ಲ. ಲಾಳಿಯ ಖಟಪಟದಲ್ಲಿ ಎಷ್ಟು ಕೂಗಿದರೂ ವ್ಯರ್ಥ. ಒಬ್ಬರ ಬಾಯಿಯನ್ನು ಇನ್ನೊಬ್ಬರು ನೋಡಬೇಕು. ಆಕೆ ಬಾಗಿಲ ಬಳಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತ ತುಟಿ ಅಲುಗಿಸಿದರೆ, ನಾನು ಆ ತುದಿಯ ಮಗ್ಗದಿಂದಲೇ ತಿಳಿದುಕೊಳ್ಳುತ್ತಿದ್ದೆ. ಚಹಾ ಆಗಿದೆ, ಬೀಗರು ಬಂದಿದ್ದಾರೆ, ಮಗುವಿಗೆ ಜ್ವರ. ದನಿಯೇ ಬೇಕಿರಲಿಲ್ಲ. ನಾವಿಬ್ಬರೂ ಅದರಲ್ಲಿ ಎಷ್ಟು ಪಳಗಿದ್ದೆವೆಂದರೆ ಜಗಳವನ್ನೂ ಹಾಗೇ ಆಡಿ ಮುಗಿಸುತ್ತಿದ್ದೆವು. ಹೀಗೆ ಕಣ್ಣಿನಿಂದ ಕೇಳುತ್ತ ಕೇಳುತ್ತ ಕಿವಿ ಯಾವಾಗ ಕೈಬಿಟ್ಟಿತೋ ನನಗೆ ತಿಳಿಯಲೇ ಇಲ್ಲ. ಎದುರಿಗೆ ಮುಖ ಇದ್ದರೆ ಎಲ್ಲವೂ ಕೇಳಿಸುತ್ತಿತ್ತು. ಟಿವಿಯೂ ಕೇಳಿಸುತ್ತಿತ್ತು. ಛತ್ತಿಗೆ ತುಟಿ ಇರಲಿಲ್ಲ.

"ಮೈಕಿನಾಗ ಏನಂದಿ ಹಂಗಾರ?" ಎಂದು ಕೇಳಿದೆ.

"ಬೆನ್ನ ಹಿಂದ ನಿಂತು ಕರೀತೀನ್ರಿ, ನೀವು ತಿರಗಂಗಿಲ್ಲ. ಹಳೇ ಮನ್ಯಾಗ ಮಗ್ಗ ಇದ್ವು, ನಾ ಚೀರಿದ್ರೂ ನಡೀತಿತ್ತು. ಹೊಸ ಮನ್ಯಾಗ ನಾ ಚೀರಾಕ ಒಲ್ಲೆ. ಓಣಿ ಮಂದಿ ದಿನಾ ಗಂಡ ಹೆಂಡ್ತಿ ಜಗಳಾ ಅಂತಾರ. ಅದನ್ನ ಅಂದೆ."

"ಮನ್ಯಾಗ ಹೇಳಾಕ ಏನಾಗಿತ್ತು?"

"ಒಮ್ಮೆ ಹೇಳಿದ್ದೆ. ನನ್ನ ಕಿವುಡ ಅಂತಿ ಏನು ಅಂತ ತಾಟು ಬಿಟ್ಟು ಎದ್ರಿ. ಅದಕ್ಕ ಇವರಿಗೆ ಫೋನ್ ಹಚ್ಚಿ, ನಿಮಗ ನೀವ ತಿಳಿಯೂ ಹಂಗ ಮಾಡ್ರಿ ಅಂದೆ."

ಅಂದರೆ ಮಸಲತ್ತು ಖರೆಯೇ ಆಗಿತ್ತು. ನನ್ನ ಸಂಶಯ ಸುಳ್ಳಾಗಲಿಲ್ಲ. ಆದರೆ ಗೆದ್ದ ಸಮಾಧಾನ ಮಾತ್ರ ಸ್ವಲ್ಪವೂ ಆಗಲಿಲ್ಲ. ನನಗೆ ಹೆದರಿಕೆಯಾಯಿತು. ಇಷ್ಟು ವರ್ಷ ಒಂದೇ ತಾಟಿನ ಎದುರು ಕುಳಿತವಳ ದನಿ ನೆತ್ತಿಯ ಮೇಲಿಂದ ಬಂದರೆ, ಅದು ಯಾವೂರಿನ ಭಾಷೆ ಎಂದು ಕೇಳಿದೆನಲ್ಲ.

"ಹಾಡು ಬೇಕಂದಿದ್ದೂ ಸುಳ್ಳ ಏನು?"

"ಅದು ಖರೇನ ಬೇಕ್ರಿ," ಎಂದಳು. "ನನ್ನ ಕಿವಿ ಛಲೋ ಅದಾವ."

ಆಕೆ ಒಂದೊಂದನ್ನೇ ಮತ್ತೆ ಹಚ್ಚಿಸಿ ಕೇಳಿದಳು. ಕಣ್ಣು ಮುಚ್ಚಿಕೊಂಡು ಕೇಳಿದಳು. ಎರಡನೆಯದನ್ನು ತೋರಿಸಿ, ಇದು ಎಂದಳು. ನಾನು ಅಂಗಡಿಯವನ ಹತ್ತಿರ ಹೋದೆ. ಕೋಣೆಯ ಬಾಗಿಲು ತೆರೆದೇ ಇತ್ತು, ಹೊರಗೆ ಫ್ಯಾನು ನೋಡಲು ಬಂದ ಗಿರಾಕಿಗಳಿದ್ದರು. ಅವನ ಕಿವಿಯ ಹತ್ತಿರ ಬಾಯಿ ತಂದು ಹೇಳಿದೆ:

"ಅಡಿಗಿ ಮನಿಗೆ ಆಕಿ ಹೇಳಿದ್ದು ಎರಡು ಕೂಡಸ್ರಿ. ಉಳಿದದ್ದು ನನ್ನ ಕಿವಿ ಡಾಕ್ಟರಗೆ ತೋರಿಸಿದ ಮ್ಯಾಲೆ ನೋಡೂಣು."

ಅವನು ಗಕ್ಕನೆ ತಲೆ ಹಿಂದೆ ಎಳೆದುಕೊಂಡ. ಹೊರಗಿದ್ದ ಗಿರಾಕಿಗಳು ಫ್ಯಾನು ಬಿಟ್ಟು ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಆಕೆ ನನ್ನ ತೋಳು ಹಿಡಿದಳು. ನಾನು ಆ ಮಾತನ್ನು ಯಾರಿಗೂ ಕೇಳಿಸಬಾರದೆಂದು ಪಿಸುದನಿಯಲ್ಲಿ ಹೇಳಿದ್ದೆ.