ಅವರಿಗೆ ಮಾತ್ರ ಕೇಳಿಸಿದ ಹೆಸರು

ಮಾತಿನ ನಡುವೆ ತಟ್ಟನೆ ಕತ್ತು ಹೊರಳಿಸಿ ಹಿಂದೆ ನೋಡುವುದು ಅವರ ಅಭ್ಯಾಸ. ದಪ್ಪ ಬಿಳಿ ಹುಬ್ಬು, ಸುಟ್ಟ ಇಟ್ಟಿಗೆಯ ಬಣ್ಣದ ಮುಖ. ಬಲಗಿವಿಯ ಹಿಂದೆ ಅಂಗೈ ಇಟ್ಟುಕೊಂಡು ಒಂದು ಗಳಿಗೆ ಹಾಗೇ ನಿಂತುಬಿಡುವರು. ಹಿಂದೆ ಯಾರೂ ಇರುತ್ತಿರಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಬಿಟ್ಟಲ್ಲಿಂದಲೇ ಮಾತು ಮುಂದುವರಿಸುವರು. ಮೊದಲು ನನಗೆ ನಗು ಬಂತು. ಮರುದಿನದ ಹೊತ್ತಿಗೆ ನಾನೂ ಹಿಂದೆ ತಿರುಗಿ ನೋಡತೊಡಗಿದ್ದೆ.

ಅವರು ಆರ್ಮೇನಿಯಾದವರು. ನಕಾಶೆಯ ಮೇಲೆ ಬೆರಳಿಟ್ಟರೆ ಮುಚ್ಚಿಯೇ ಹೋಗುವಷ್ಟು ಚಿಕ್ಕ ದೇಶ. ಅದರ ರಾಯಭಾರಿಯಾಗಿ ಹತ್ತಾರು ಊರಿನ ನೀರು ಕುಡಿದವರು. ನೌಕರಿ ರಾಯಭಾರದ್ದಾದರೂ ಹುಚ್ಚು ಮಾತ್ರ ಕುರ್ದರ ಇತಿಹಾಸದ್ದು. ಕುರ್ದರೆಂದರೆ ಅವರ ನೆರೆಯ ಬೆಟ್ಟಗಳ ಜನ. ತಮ್ಮದೆಂಬ ದೇಶವಿಲ್ಲದೆ ಬೇರೆ ಬೇರೆ ದೇಶಗಳಲ್ಲಿ ಹಂಚಿಹೋದವರು. ಹಗಲು ಕಚೇರಿಯ ಕಡತ, ಸಂಜೆ ಕುರಿಗಾಹಿಗಳ ಹಾಡು ಎಂದು ಅವರ ಆಯುಷ್ಯ ಕಳೆದಿತ್ತು. ಆ ಜನರ ಬುಡಕಟ್ಟು, ದಂಗೆ, ವಲಸೆಗಳ ಮೇಲೆ ದಪ್ಪ ದಪ್ಪ ಪುಸ್ತಕ ಬರೆದಿದ್ದರು. ನಿವೃತ್ತರಾದ ಮೇಲೆ, ಊರು ಬಿಟ್ಟವರು ಹೊಸ ಮಣ್ಣಿನಲ್ಲಿ ಹಳೆಯದನ್ನು ಹೇಗೆ ಉಳಿಸಿಕೊಳ್ಳುತ್ತಾರೆಂದು ನೋಡಲು ಸಿಂಧನೂರಿನ ಆರ್.ಎಚ್. ಕ್ಯಾಂಪಿಗೆ ಬಂದರು. ಬಂಗಾಳದ ನಿರಾಶ್ರಿತರು ಭತ್ತ ಬೆಳೆದುಕೊಂಡು ನೆಲೆಸಿರುವ ಊರು ಅದು. ಸಿಂಧನೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ನನ್ನನ್ನು ದುಭಾಷಿಯೆಂದು ಅವರಿಗೆ ಗಂಟು ಹಾಕಿದರು. ಲಾಡ್ಜಿನಲ್ಲಿ ಇಳಿದಿದ್ದ ಅವರು ಕೆಳಗಿನ ಲಾರಿಗಳ ಹಾರ್ನು ತಡೆಯಲಾಗದೆ ಒದ್ದಾಡುತ್ತಿದ್ದರು. ಪಾಪ ಅನಿಸಿ ಮಸ್ಕಿಯ ನಮ್ಮ ಮನೆಗೇ ಕರೆತಂದೆ.

ನಮ್ಮ ಮನೆಯಲ್ಲಿ ಆಗ ಅಪ್ಪ, ನಾನು ಮತ್ತು ಆಯಿ. ಆಯಿ ಎಂದರೆ ಅಪ್ಪನ ತಾಯಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಆಯಿಗೆ ಒಂದು ವಿಚಿತ್ರ ರೂಢಿಯಿತ್ತು. ದಿನಾ ದೀಪ ಹಚ್ಚುವ ಹೊತ್ತಿಗೆ, ಯಾರೂ ಕರೆಯದಿದ್ದರೂ, ಹಿತ್ತಲ ಕಡೆಗೆ ಮುಖ ಮಾಡಿ "ಬಂದೆ, ತಡಿ" ಎನ್ನುವಳು. ಹುಟ್ಟಿದಾಗಿನಿಂದ ಕೇಳಿದ್ದ ನಮಗೆ ಅದು ಪಕ್ಕದ ಮನೆಯ ಕುಕ್ಕರಿನ ಸೀಟಿಯಷ್ಟೇ ಮಾಮೂಲು.

ಆ ಸಂಜೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದೆವು. ರಾಯಭಾರಿಗಳು ತಟ್ಟನೆ ಕತ್ತು ಹೊರಳಿಸಿದರು. ಅದೇ ಗಳಿಗೆಗೆ ಅಡುಗೆಮನೆಯಿಂದ ಆಯಿ "ಬಂದೆ, ತಡಿ" ಎಂದಳು.

"ಹಿತ್ತಲಲ್ಲಿ ನಿಂತು ಕರೆಯುತ್ತಿರುವ ಆ ಹೆಂಗಸು ಯಾರು?" ಎಂದು ಅವರು ನನ್ನನ್ನು ಕೇಳಿದರು.

ದೆವ್ವ ಪಿಶಾಚಿ ಎಂದರೆ ಹುಡುಗರಿಗೆ ಕ್ಲಾಸಿನಲ್ಲೇ ಬೈಯುವವಳು ನಾನು. ಆದರೂ ಎದ್ದು ಹೋಗಿ ಹಿತ್ತಲ ಬಾಗಿಲು ತೆಗೆದು ನೋಡಿದೆ. ಒಣಹಾಕಿದ ಸೀರೆ, ನೀರಿನ ಡ್ರಮ್ಮು, ಬೇವಿನ ಗಿಡ. ಒಂದು ನರಪಿಳ್ಳೆಯೂ ಇರಲಿಲ್ಲ.

"ಏನಂತಾರ ಸಾಹೇಬ್ರು?" ಎಂದು ಆಯಿ ಹೊರಗೆ ಬಂದಳು. ಹೇಳಿದೆ. ಅವಳ ಕೈಯಲ್ಲಿದ್ದ ಹಿಟ್ಟು ಉದುರಿತು.

"ನಿಮಗೂ ಕೇಳಿಸ್ತೇನ್ರಿ? ಈ ಮನಿಯಾಗ ನನಗೊಬ್ಬಾಕಿಗೇ ಕೇಳಸ್ತದ ಅಂತ ಮಾಡಿದ್ದೆ. ಆಕಿ ಕರಿಯೋದು ಕೇಳಸ್ತದ, ಹೆಸರು ಏನಂತಾಳ ತಿಳಿವಲ್ದು. ನಿಮಗ ತಿಳೀತೇನು?"

ನಾನು ಅದನ್ನು ಇಂಗ್ಲಿಷಿಗೆ ದಾಟಿಸಿದೆ. ಅವರು ತಲೆಯಾಡಿಸಿದರು. ತಿಳಿದಿತ್ತು.

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ಅವನ ಹೆದರಿಕೆಗೆ ಕಾರಣವಿತ್ತು. ನಿಜಾಮನ ಆಡಳಿತ ಮುಗಿಯುವ ಗದ್ದಲದಲ್ಲಿ ಊರೂರೇ ಗುಳೆ ಎದ್ದಿದ್ದಾಗ, ಲಿಂಗಸುಗೂರಿನ ದಾರಿಯಲ್ಲಿ ಹುಣಸೆಮರದ ಬುಡದಲ್ಲಿ ಅಳುತ್ತ ಕೂತಿದ್ದ ಕೂಸು ಆಯಿ. ನಮ್ಮ ಹಿರಿಯರು ಎತ್ತಿಕೊಂಡು ಬಂದು ಸಾಕಿ, ಲಿಂಗ ಕಟ್ಟಿಸಿ, ಮುಂದೆ ಮನೆಯ ಮಗನಿಗೇ ಮದುವೆ ಮಾಡಿದರು. ಯಾರ ಮಗಳೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಎಲ್ಲವೂ ನೆಟ್ಟಗಿತ್ತು. ಅಪ್ಪ ಮಠದ ಕಮಿಟಿಯಲ್ಲಿದ್ದ. ರಾಯಚೂರಿನಲ್ಲಿ ನೌಕರಿಗಿದ್ದ ನನ್ನ ತಮ್ಮನ ಲಗ್ನದ ಮಾತುಕತೆ ಲಿಂಗಸುಗೂರಿನಲ್ಲಿ ನಡೆದಿತ್ತು.

"ಅವರಿಗೆ ಕೈ ಮುಗೀತೀನಂತ ಹೇಳು," ಎಂದು ನನ್ನನ್ನು ಮೂಲೆಗೆ ಕರೆದು ಹೇಳಿದ. "ಹೆಸರು ಗೊತ್ತಾದ್ರ ಜಾತಿ ಗೊತ್ತಾಗ್ತದ. ಈಗ ಯಾಕ ಬೇಕು ಅದೆಲ್ಲಾ?"

ಅಪ್ಪನ ಮಾತು ಕೇಳಿ ರಾಯಭಾರಿಗಳು ಆ ಸಂಜೆ ಹೆಸರು ಹೇಳಲಿಲ್ಲ. ಆಯಿ ಉಣ್ಣದೆ ಮಲಗಿದಳು.

ಮರುದಿನ ಕ್ಯಾಂಪಿಗೆ ಹೊರಟೆವು. ಊರು ಇನ್ನೂ ದೂರವಿರುವಾಗಲೇ ಕಾರು ನಿಲ್ಲಿಸಿ ಇಳಿದುಬಿಡುವುದು ಅವರ ಪದ್ಧತಿ. ಬಿಸಿಲಿರಲಿ, ಕೆಸರಿರಲಿ, ನಡೆದೇ ಹೋಗಬೇಕು. ಜವಳಗೇರಾ ಕಡೆ ಒಬ್ಬ ಟ್ರ್ಯಾಕ್ಟರಿನವ "ಗಾಡಿ ಕೆಟ್ಟೈತೇನ್ರಿ ಮೇಡಂ? ಹತ್ರಿ, ಬಿಟ್ಟು ಬರ್ತೀನಿ" ಎಂದು ಕನಿಕರಪಟ್ಟಿದ್ದ. ಕಾಲುವೆಯ ಏರಿಯ ಮೇಲೆ ಧೂಳು ಕುಡಿಯುತ್ತ ನಡೆಯುವಾಗ ನನಗೂ ತಲೆ ಕೆಟ್ಟಿತು. ಎಂದಿನಿಂದಲೋ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ. ನೂರು ವರ್ಷದ ಹಿಂದೆ ನಡೆದ ನಿಮ್ಮ ಜನರ ಸಾಮೂಹಿಕ ಕೊಲೆಗಳಲ್ಲಿ ಕೆಲವು ಕಡೆ ಆ ಕುರ್ದರ ಕೈಯೂ ಇತ್ತಲ್ಲ, ಅವರ ಇತಿಹಾಸವನ್ನೇ ಏಕೆ ಜೀವಮಾನವೆಲ್ಲ ಬರೆದಿರಿ?

"ಕೊಂದವರೂ ಅವರಲ್ಲಿದ್ದರು, ಅಡಗಿಸಿಟ್ಟು ಉಳಿಸಿದವರೂ ಅವರಲ್ಲಿದ್ದರು," ಎಂದರು. "ನಮ್ಮವರು ಎಲ್ಲಿ ಮಲಗಿದ್ದಾರೆ, ನಮ್ಮ ಹುಡುಗಿಯರು ಯಾರ ಮನೆ ಸೇರಿದರು ಎನ್ನುವುದು ಗೊತ್ತಿರುವುದು ಅವರಿಗೆ ಮಾತ್ರ. ಮತ್ಯಾರನ್ನು ಕೇಳಲಿ?"

ಆಮೇಲೆ ತಮ್ಮ ಅಜ್ಜನ ತಂಗಿಯ ಕಥೆ ಹೇಳಿದರು. ಆಕೆ ಹಾಗೆ ಒಂದು ಕುರ್ದ್ ಮನೆ ಸೇರಿದ ಹುಡುಗಿ. ಇವರು ಹೊಸದಾಗಿ ಅಧಿಕಾರಿಯಾದಾಗ ಅವಳನ್ನು ಪತ್ತೆ ಹಚ್ಚಿದ್ದರು. ಬಾವುಟದ ಕಾರಿನಲ್ಲಿ ಬೆಟ್ಟದ ಹಳ್ಳಿಗೆ ಹೋಗಿ, ಮಕ್ಕಳು ಮೊಮ್ಮಕ್ಕಳು ಕೂತಿರುವಂತೆಯೇ "ನಿನ್ನ ಮೊದಲಿನ ಹೆಸರೇನು?" ಎಂದು ಕೇಳಿದರು. ಮುದುಕಿ ಕಾರನ್ನು ನೋಡಿದಳು, ಮಕ್ಕಳನ್ನು ನೋಡಿದಳು. ನನಗೆ ಇರುವುದು ಒಂದೇ ಹೆಸರು ಎಂದು ಬಾಗಿಲು ಹಾಕಿಕೊಂಡಳು.

"ಇಳಿಜಾರಿನಲ್ಲಿ ವಾಪಸು ಬರುವಾಗ ಮುಸ್ಸಂಜೆ. ಹಿಂದಿನಿಂದ ಯಾರೋ ಹೆಂಗಸು ನನ್ನಜ್ಜನ ತಂಗಿಯ ಹೆಸರು ಹಿಡಿದು ಕೂಗಿದಳು, ನಮ್ಮ ಭಾಷೆಯಲ್ಲಿ. ಹಾಕಿದ ಬಾಗಿಲ ಒಳಗಿನಿಂದ ಆ ಮುದುಕಿ ಓಗೊಟ್ಟಳು. ಅಂದಿನಿಂದ ನನಗೆ ಇಂಥ ಕೂಗು ಕೇಳಿಸುತ್ತದೆ. ಅಂದಿನಿಂದ ಯಾವ ಊರೊಳಕ್ಕೂ ಕಾರಿನಲ್ಲಿ ಹೋಗಿಲ್ಲ." ಏರಿಯ ಕೆಳಗೆ ಭತ್ತದ ಗದ್ದೆಯಲ್ಲಿ ಹೆಣ್ಣಾಳುಗಳ ನಗು ಕೇಳುತ್ತಿತ್ತು.

ಆ ಸಂಜೆ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ. ಮುರಿಯುವಾಗ ಅವರ ಕೈಯಿಂದ ರೊಟ್ಟಿಯ ಚೂರೊಂದು ನೆಲಕ್ಕೆ ಬಿತ್ತು. ಅವರು ಬಗ್ಗಿ ಎತ್ತಿಕೊಂಡು ಮುತ್ತಿಟ್ಟರು, ಹಣೆಗೆ ಒತ್ತಿಕೊಂಡರು, ಎದ್ದು ಹೋಗಿ ಗೋಡೆಯ ಗೂಡಿನಲ್ಲಿಟ್ಟರು. ಆ ಗೂಡಿನಲ್ಲಿ ಆಗಲೇ ಒಣಗಿದ ಚೂರುಗಳಿದ್ದವು. ಆಯಿ ಇಟ್ಟವು. ಅವಳದೂ ಥೇಟ್ ಅದೇ ಪದ್ಧತಿ, ಅದೇ ಮುತ್ತು, ಅದೇ ಹಣೆ. ನಮ್ಮ ಓಣಿಯಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ನಾವೆಲ್ಲ ಅವಳನ್ನು ಅದಕ್ಕಾಗಿ ಕಾಡಿಸುತ್ತಿದ್ದೆವು.

ಆಯಿ ಬೊಚ್ಚುಬಾಯಿ ತೆರೆದು ನಕ್ಕಳು. "ನೋಡ್ರಿ ಎಲ್ಲಾರೂ, ನಾ ಒಬ್ಬಾಕೇ ಹುಚ್ಚಿ ಅಲ್ಲ." ನಗುನಗುತ್ತಲೇ ಅವಳ ಕಣ್ಣು ತುಂಬಿತು. "ಸಾಹೇಬ, ಕೈ ತೊಳ್ಕೊಂಡು ಬಾ. ನನ್ನ ಹೆಸರು ಹೇಳು."

"ಯವ್ವಾ, ಬ್ಯಾಡ," ಎಂದ ಅಪ್ಪ.

"ಸುಮ್ಮಕಿರೋ. ಅದು ನಿನ್ನ ಹೆಸರಲ್ಲ, ನನ್ನ ಹೆಸರು. ಇಷ್ಟು ವರ್ಷ ಆಕಿ ಅಲ್ಲಿ ನಿಂತು ಕರ್ಯಾಕತ್ಯಾಳ. ಯಾರನ್ನ ಕರ್ಯಾಕತ್ಯಾಳ ಅಂತ ತಿಳೀದಂಗ ಸಾಯಲೇನು ನಾ?"

ಅಪ್ಪ ತಲೆ ತಗ್ಗಿಸಿದ. ಅವನ ಮೋರೆ ನೋಡಲು ನನ್ನಿಂದ ಆಗಲಿಲ್ಲ.

ರಾಯಭಾರಿಗಳು ಆಯಿಯ ಮುಂದೆ ಮಂಡಿಯೂರಿ ಕೂತರು. ಅವಳ ಕಿವಿಗೆ ಬಾಯಿ ಹಚ್ಚಿ ಒಂದೇ ಶಬ್ದ ಹೇಳಿದರು. ದುಭಾಷಿಯಾದ ನನಗೂ ಕೇಳಿಸಲಿಲ್ಲ. ಆಯಿಯ ತುಟಿಗಳು ಆ ಶಬ್ದವನ್ನು ಸದ್ದಿಲ್ಲದೆ ಆಡಿದವು. "ಇಷ್ಟ ಸಣ್ಣದೇನು!" ಎಂದು ಬೆರಗಾದಳು. ಆಮೇಲೆ ಅಪ್ಪನ ತಲೆ ಸವರಿ, "ಹೆದರಬ್ಯಾಡ ಮಗನ, ಯಾರಿಗೂ ಹೇಳಂಗಿಲ್ಲ," ಎಂದಳು. ಹೇಳಲೂ ಇಲ್ಲ.

ಅವರು ಹೊರಟು ನಿಂತಾಗ ನನ್ನನ್ನು ತೋರಿಸಿ, ಏನೆಂದು ಕರೆಯಬೇಕೆಂದು ಆಯಿಯನ್ನು ಕೇಳಿದರು. "ತಂಗಿ ಅನ್ರಿ," ಎಂದಳು ಆಯಿ. ಎಷ್ಟು ತಿದ್ದಿದರೂ ಅವರ ನಾಲಿಗೆಯಲ್ಲಿ ಅದು "ದಂಗೀ" ಎಂದೇ ಹೊರಟಿತು. ಆಯಿ ಬಿದ್ದು ಬಿದ್ದು ನಕ್ಕಳು.

ಆಮೇಲೆ ಆಯಿ ಸಂಜೆ ಅಡುಗೆಮನೆಯಿಂದ ಓಗೊಡುವುದನ್ನು ಬಿಟ್ಟಳು. ಹಿತ್ತಲ ಬಾಗಿಲು ತೆಗೆದು ಹೊಸ್ತಿಲ ಮೇಲೆ ನಿಂತು "ಬಂದ್ಯವ್ವಾ" ಎನ್ನುವಳು, ಸಾಲಿಯಿಂದ ಮನೆಗೆ ಓಡಿಬರುವ ಹುಡುಗಿಯ ದನಿಯಲ್ಲಿ. ಮುಂದಿನ ಬೇಸಿಗೆಯಲ್ಲಿ ಅಲ್ಲೇ ಕುಸಿದು ಕೂತವಳು ಏಳಲಿಲ್ಲ. ಕೈಯಲ್ಲಿ ಗೂಡಿನ ರೊಟ್ಟಿಯ ಚೂರಿತ್ತು. ಅಪ್ಪ ಅದನ್ನು ಬಿಡಿಸದೆ ಹಾಗೇ ಸಮಾಧಿ ಮಾಡಿಸಿದ.

ಕರ್ಮಗಳೆಲ್ಲ ಮುಗಿದ ಮೇಲೆ ಅಪ್ಪನೇ ನನ್ನ ಹತ್ತಿರ ಬಂದ. "ಅವರಿಗೆ ಫೋನ್ ಹಚ್ಚು. ಏನು ಹೆಸರು ಕೇಳು. ಒಮ್ಮೆರ ಆ ಹೆಸರ್ಲೇ ಕರೀಬೇಕಿತ್ತು ನಾನು," ಎಂದು ಗೊಳೋ ಎಂದು ಅತ್ತ.

ಫೋನಿನ ಆ ಕಡೆಯಿಂದ ರಾಯಭಾರಿಗಳ ದನಿ ಸಣ್ಣದಾಗಿತ್ತು. "ಅದು ಈಗ ನನ್ನದಲ್ಲ. ಅವರಿಗೆ ಕೊಟ್ಟುಬಿಟ್ಟೆ," ಎಂದರು. ಆಮೇಲೆ, "ಸಂಜೆ ಯಾರಾದರೂ ಓಗೊಡುತ್ತಿದ್ದೀರಾ?" ಎಂದು ಕೇಳಿದರು. ಇಲ್ಲವೆಂದೆ. "ಆ ತಾಯಿಗೆ ಮಗಳು ಹೋದದ್ದು ತಿಳಿಯದಿರಬಹುದು. ಬೆಟ್ಟದ ಆ ಮನೆಯಲ್ಲಿ ಈಗ ಓ ಎನ್ನಲು ಯಾರೂ ಇಲ್ಲ. ಅದು ನನ್ನನ್ನು ಮಲಗಗೊಡುವುದಿಲ್ಲ. ನೀವು ಆಕೆಯನ್ನು ಕಾಯಿಸಬೇಡಿ."

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ನಾನು ಹಿತ್ತಲ ಬಾಗಿಲಲ್ಲಿ ನಿಂತು "ಬಂದೆ" ಎನ್ನುತ್ತೇನೆ. ಕಾಲೇಜಿನವರಿಗೆ ಗೊತ್ತಾದರೆ ನಗುತ್ತಾರೆ, ನಗಲಿ. ನನಗೆ ಏನೂ ಕೇಳಿಸುತ್ತಿರಲಿಲ್ಲ. ಹಿರಿಯರ ಮಾತೆಂದು ನಡೆಸುತ್ತಿದ್ದೆ, ಅಷ್ಟೇ.

ಈ ವರ್ಷ ಭತ್ತದ ಕಟಾವಿನ ಹೊತ್ತಿಗೆ ರಾಯಭಾರಿಗಳ ಮಗಳಿಂದ ಮೆಸೇಜು ಬಂತು. ಅವರು ಹೋಗಿಬಿಟ್ಟಿದ್ದರು. ಓದಿ, ಮೊಬೈಲು ಕೆಳಗಿಟ್ಟು, ಯಾಂತ್ರಿಕವಾಗಿ ಕಡ್ಡಿ ಗೀರಿ ದೀಪ ಹಚ್ಚಿದೆ. ಹಿತ್ತಲ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆನಷ್ಟೇ, ಬಾಯಿ ಇನ್ನೂ ತೆರೆದಿರಲಿಲ್ಲ. ಬೇವಿನ ಗಿಡದ ಕಡೆಯಿಂದ, ದೂರದ ದಾರಿ ನಡೆದು ಬಂದವರ ದಣಿದ ದನಿಯೊಂದು ಮೆಲ್ಲಗೆ ಕರೆಯಿತು.

"ದಂಗೀ."

ಹೆದರಿಕೆಯಾಗಲಿಲ್ಲ. ಬಾಗಿಲು ತೆಗೆದು, "ಬಂದೆ," ಎಂದೆ.